ಹೊಸ ಕ್ಯಾಮೆರಾ, ಹಠಮಾರಿ ಕಾರ್ಡು

ಹೊಸ ಡಿಜಿಟಲ್ ಕ್ಯಾಮೆರಾ ಆನ್ ಮಾಡಿದ ಕೂಡಲೇ ಪರದೆ ಮೇಲೆ 'ಕಾರ್ಡ್ ಎರರ್' ಅಂತ ಬಂದರೆ ಎಲ್ಲರೂ ಮೊದಲು ಬೈಯುವುದು ಕ್ಯಾಮೆರಾವನ್ನೇ. ಆದರೆ ತಪ್ಪು ಕಾರ್ಡಿನದ್ದೋ, ಕಾರ್ಡಿಗೂ ಕ್ಯಾಮೆರಾಕ್ಕೂ ಹೊಂದಾಣಿಕೆ ಇಲ್ಲದ್ದೋ ಆಗಿರುವುದೇ ಹೆಚ್ಚು. ಅದನ್ನು ಪತ್ತೆ ಹಚ್ಚುವ ದಾರಿ ನೋಡೋಣ. ಅದಕ್ಕೂ ಮುಂಚೆ ಒಂದು ಮಾತು: ಕಾರ್ಡಿನಲ್ಲಿ ನಿಮಗೆ ಬೇಕಾದ ಫೋಟೋ ಇದ್ದರೆ ಫಾರ್ಮ್ಯಾಟ್ ಬಟನ್ ಒತ್ತಬೇಡಿ, ಇನ್ನೊಂದು ಫೋಟೋ ಕೂಡ ತೆಗೆಯಬೇಡಿ. ಕಾರಣ ಕೊನೆಗೆ ಗೊತ್ತಾಗುತ್ತೆ.

ಮೊದಲು ಕಾರ್ಡನ್ನು ಹೊರತೆಗೆದು ಎಡಬದಿ ನೋಡಿ. ಅಲ್ಲಿರುವ ಪುಟ್ಟ ಪ್ಲಾಸ್ಟಿಕ್ ಸ್ವಿಚ್ ಕೆಳಗೆ ಜಾರಿದ್ದರೆ ಕಾರ್ಡ್ 'ಲಾಕ್' ಆಗಿದೆ ಎಂದರ್ಥ. ತಮಾಷೆ ಏನೆಂದರೆ ಈ ಸ್ವಿಚ್‌ಗೂ ಕಾರ್ಡಿನೊಳಗಿನ ಚಿಪ್‌ಗೂ ಯಾವ ಸಂಬಂಧವೂ ಇಲ್ಲ. ಸ್ವಿಚ್ ಎಲ್ಲಿದೆ ಅಂತ ಗಮನಿಸುವುದು ಕ್ಯಾಮೆರಾದ ಸ್ಲಾಟು. ಹಾಗಾಗಿ ಸ್ವಿಚ್ ಸಡಿಲವಾಗಿ, ಕಾರ್ಡ್ ಒಳಗೆ ತಳ್ಳುವಾಗಲೇ ಜಾರಿಹೋದರೂ ಇದೇ ಸಮಸ್ಯೆ. ಮೊಬೈಲಿನ ಮೈಕ್ರೋ ಎಸ್‌ಡಿಯನ್ನು ಅಡಾಪ್ಟರ್‌ನಲ್ಲಿ ಸಿಕ್ಕಿಸಿ ಹಾಕುವವರು ಅಡಾಪ್ಟರನ್ನೂ ಒಮ್ಮೆ ಬದಲಿಸಿ ನೋಡಬೇಕು. ಕಾರ್ಡು ಸರಿಯಿದ್ದು ಅಡಾಪ್ಟರ್ ಕೈಕೊಡುವುದು ಅಪರೂಪವೇನಲ್ಲ.

ಇನ್ನು ಪೀಳಿಗೆಯ ಪ್ರಶ್ನೆ. ಹಳೆಯ ಎಸ್‌ಡಿ ಕಾರ್ಡುಗಳ ಮಿತಿ 2 ಜಿಬಿ. 2006ರಲ್ಲಿ ಬಂದ ಎಸ್‌ಡಿಎಚ್‌ಸಿ 32 ಜಿಬಿವರೆಗೆ, 2009ರ ಎಸ್‌ಡಿಎಕ್ಸ್‌ಸಿ 2 ಟಿಬಿವರೆಗೆ. ಎಚ್‌ಸಿಯಲ್ಲಿ ಫ್ಯಾಟ್32 ಎಂಬ ಕಡತ ವ್ಯವಸ್ಥೆ, ಎಕ್ಸ್‌ಸಿಯಲ್ಲಿ ಎಕ್ಸ್‌ಫ್ಯಾಟ್. ಹೊಸ ಕ್ಯಾಮೆರಾ ಹಳೇ ಕಾರ್ಡನ್ನು ಓದುತ್ತೆ, ಹಳೇ ಕ್ಯಾಮೆರಾ ಹೊಸ ಕಾರ್ಡನ್ನು ಓದುತ್ತೆ ಅಂತ ಹೇಳಕ್ಕಾಗಲ್ಲ. ಅಣ್ಣನಿಂದ ಬಂದ ಕ್ಯಾಮೆರಾ ನಿಮಗೆ ಹೊಸದಿರಬಹುದು, ಆದರೆ 2007ರ ಮಾಡೆಲ್‌ಗೆ 64 ಜಿಬಿ ಕಾರ್ಡ್ ಹಾಕಿದರೆ ಅದು ಪಿಳಿಪಿಳಿ ನೋಡುತ್ತೆ ಅಷ್ಟೆ. ಅಂದಹಾಗೆ 64 ಜಿಬಿ ಕಾರ್ಡ್ ಕಂಪ್ಯೂಟರಿನಲ್ಲಿ ಸುಮಾರು 59.6 ಅಂತ ಕಾಣಿಸಿದರೆ ಗಾಬರಿ ಬೇಡ. ತಯಾರಕರು 1000ದಿಂದ ಗುಣಿಸುತ್ತಾರೆ, ವಿಂಡೋಸ್ 1024ರಿಂದ ಭಾಗಿಸುತ್ತೆ.

ಫೋಟೋ ಚೆನ್ನಾಗಿ ಬರುತ್ತಿದೆ, ವಿಡಿಯೋ ಮಾತ್ರ ಹತ್ತು ಸೆಕೆಂಡಿಗೆ ನಿಂತುಹೋಗುತ್ತೆ ಎನ್ನುವವರು ಕಾರ್ಡಿನ ಮೇಲಿನ ಚಿಹ್ನೆ ಓದಬೇಕು. ದೊಡ್ಡ ಅಕ್ಷರದಲ್ಲಿರುವ '100 ಎಂಬಿ' ಸಾಮಾನ್ಯವಾಗಿ ಓದುವ ವೇಗ, ಅದೂ ಗರಿಷ್ಠ. ನಮಗೆ ಬೇಕಾದದ್ದು ಬರೆಯುವ ಕನಿಷ್ಠ ವೇಗ. ವೃತ್ತದೊಳಗೆ 10 ಇದ್ದರೆ ಸೆಕೆಂಡಿಗೆ 10 ಎಂಬಿ, ಯು3 ಅಥವಾ ವಿ30 ಇದ್ದರೆ 30 ಎಂಬಿ. ಲೆಕ್ಕ ಹಾಕಿ: 100 ಮೆಗಾಬಿಟ್‌ನ 4ಕೆ ವಿಡಿಯೋ ಅಂದರೆ, ಎಂಟರಿಂದ ಭಾಗಿಸಿದರೆ, ಸೆಕೆಂಡಿಗೆ 12.5 ಮೆಗಾಬೈಟ್. ಕ್ಲಾಸ್ 10 ಕೊಡುವ ಖಾತ್ರಿ ಅದಕ್ಕಿಂತ ಕಡಿಮೆ. ಕ್ಯಾಮೆರಾದ ಬಫರ್ ತುಂಬಿತು, ರೆಕಾರ್ಡಿಂಗ್ ನಿಂತಿತು.

ಕಾರ್ಡಿನ ಫೋಟೋ ಲ್ಯಾಪ್‌ಟಾಪಿನಲ್ಲಿ ಕಾಣುತ್ತೆ, ಕ್ಯಾಮೆರಾದಲ್ಲಿ ಕಾಣಲ್ಲ ಅನ್ನುವುದು ಇನ್ನೊಂದು ದೂರು. ಕಡತದ ಹೆಸರನ್ನು 'ಅಮ್ಮನ ಹುಟ್ಟುಹಬ್ಬ' ಅಂತ ಬದಲಿಸಿರುತ್ತೀರಿ. ಡಿಸಿಐಎಂ ಫೋಲ್ಡರಿನೊಳಗೆ ನಾಲ್ಕು ಅಕ್ಷರ, ನಾಲ್ಕು ಅಂಕಿಯ ಹೆಸರಿರುವ ಕಡತವನ್ನಷ್ಟೇ ಕ್ಯಾಮೆರಾ ತನ್ನದೆಂದು ಗುರುತಿಸುವುದು.

ನಿಜವಾಗಿ ಹೆದರಬೇಕಾದದ್ದು ನಕಲಿ ಕಾರ್ಡಿಗೆ. ನಮ್ಮ ಸಂಘದ ರಾಜ್ಯೋತ್ಸವಕ್ಕೆ ಆನ್‌ಲೈನಿನಲ್ಲಿ ಅಗ್ಗಕ್ಕೆ ತರಿಸಿದ 64 ಜಿಬಿ ಕಾರ್ಡಿನಲ್ಲಿ ಬೆಳಗಿನ ಮೆರವಣಿಗೆಯ ಚಿತ್ರಗಳೆಲ್ಲ ಇದ್ದವು, ಸಂಜೆಯ ನಾಟಕದ ಒಂದೂ ತೆರೆಯಲಿಲ್ಲ. ಒಳಗಿದ್ದದ್ದು 8 ಜಿಬಿ ಚಿಪ್. ಕಾರ್ಡಿನ ಕಂಟ್ರೋಲರ್‌ಗೆ '64 ಇದೆ' ಅಂತ ಸುಳ್ಳು ಹೇಳಲು ಕಲಿಸಿರುತ್ತಾರೆ. ಜಾಗ ಮುಗಿದ ಮೇಲೂ ಕ್ಯಾಮೆರಾ ಬರೆಯುತ್ತಲೇ ಹೋಗುತ್ತೆ, ದತ್ತಾಂಶ ಎಲ್ಲೂ ಉಳಿಯಲ್ಲ, ಅಥವಾ ಹಳೆಯದರ ಮೇಲೆಯೇ ಬೀಳುತ್ತೆ. ಎರರ್ ಸಂದೇಶವೂ ಬರುವುದಿಲ್ಲ, ಅದೇ ಇದರ ಕುತಂತ್ರ. ಆದ್ದರಿಂದ ಕಾರ್ಡ್ ಬಂದ ದಿನವೇ, ಖಾಲಿ ಇರುವಾಗಲೇ ಪರೀಕ್ಷಿಸಿ. ವಿಂಡೋಸ್‌ಗೆ ಎಚ್‌2ಟೆಸ್ಟ್‌ಡಬ್ಲ್ಯೂ, ಲಿನಕ್ಸ್‌ಗೆ ಎಫ್‌3, ಎರಡೂ ಉಚಿತ. ಕಾರ್ಡಿನ ತುಂಬಾ ಬರೆದು, ಮತ್ತೆ ಓದಿ ತಾಳೆ ನೋಡುತ್ತವೆ. ಹೊತ್ತು ಹಿಡಿಯುತ್ತೆ, ರಾತ್ರಿ ಹಾಕಿ ಮಲಗಿ. ವಾಪಸ್ ಕೊಡುವ ಅವಧಿ ಮುಗಿಯುವ ಮೊದಲು ಇದಾಗಬೇಕು.

ಈಗ ಮೊದಲು ಹೇಳಿದ ಮಾತಿಗೆ ಬರೋಣ. ಡಿಲೀಟ್ ಅಥವಾ ಸಾಮಾನ್ಯ ಫಾರ್ಮ್ಯಾಟ್ ಮಾಡಿದರೆ ಅಳಿಯುವುದು ಹೆಚ್ಚಾಗಿ ಪುಸ್ತಕದ ಪರಿವಿಡಿ ಮಾತ್ರ, ಪುಟಗಳಲ್ಲ. ಬರೆಯುವಾಗ ಬ್ಯಾಟರಿ ಮುಗಿದರೂ ಅನೇಕ ಸಲ ಕೆಡುವುದು ಆ ಪರಿವಿಡಿಯೇ. ಹೊಸ ಫೋಟೋ ತೆಗೆದರೆ ಮಾತ್ರ ಹಳೇ ಪುಟದ ಮೇಲೇ ಬರೆದಂತಾಗುತ್ತೆ. ಕ್ಯಾಮೆರಾ ಮೆನುವಿನಲ್ಲಿ 'ಲೋ ಲೆವೆಲ್ ಫಾರ್ಮ್ಯಾಟ್' ಇದ್ದರೆ ಅದನ್ನಂತೂ ಮುಟ್ಟಲೇಬೇಡಿ. ಕಾರ್ಡನ್ನು ತೆಗೆದು ರೀಡರ್‌ಗೆ ಹಾಕಿ, ಫೋಟೋರೆಕ್ ಎಂಬ ಉಚಿತ ತಂತ್ರಾಂಶ ಓಡಿಸಿ. ಅದು ಪರಿವಿಡಿಯನ್ನು ನೋಡುವುದೇ ಇಲ್ಲ. ಪ್ರತಿ ಜೆಪೆಗ್ ಕಡತವೂ ಹೆಕ್ಸಾಡೆಸಿಮಲ್‌ನಲ್ಲಿ 'ಎಫ್‌ಎಫ್ ಡಿ8' ಎಂಬ ಬೈಟುಗಳಿಂದ ಶುರುವಾಗುತ್ತೆ. ಕಾರ್ಡಿನುದ್ದಕ್ಕೂ ಆ ಗುರುತು ಹುಡುಕುತ್ತಾ ಹೋಗಿ ಸಿಕ್ಕಿದ್ದನ್ನು ಎತ್ತಿಕೊಡುತ್ತೆ. ಸಿಕ್ಕಿದ್ದನ್ನು ಅದೇ ಕಾರ್ಡಿಗೆ ಉಳಿಸಬೇಡಿ, ಲ್ಯಾಪ್‌ಟಾಪಿಗೆ ಉಳಿಸಿ. ಹೆಸರುಗಳು ಹೋಗಿರುತ್ತವೆ. ನಡುನಡುವೆ ಫೋಟೋ ಅಳಿಸುವ ಅಭ್ಯಾಸ ಇದ್ದವರ ಕಾರ್ಡಿನಲ್ಲಿ ಒಂದೇ ಕಡತ ಅಲ್ಲಲ್ಲಿ ಚೂರಾಗಿ ಬಿದ್ದಿರುವುದರಿಂದ ಅರ್ಧ ಮುಖ, ಅರ್ಧ ಬೂದುಬಣ್ಣದ ಚಿತ್ರಗಳೂ ಬರುತ್ತವೆ. ನಕಲಿ ಕಾರ್ಡಿನಲ್ಲಿ ಬರೆಯದೇ ಹೋದದ್ದನ್ನು ಮಾತ್ರ ಫೋಟೋರೆಕ್ ಕೂಡ ತಂದುಕೊಡಲಾರದು. ನಮ್ಮ ನಾಟಕದ ಚಿತ್ರಗಳನ್ನು ಕೊನೆಗೆ ಪ್ರೇಕ್ಷಕರ ಮೊಬೈಲುಗಳಿಂದ ಕೂಡಿಸಿಕೊಂಡೆವು.