ಸಾಲವೂ ಮಾನವೂ

ಕೃಷ್ಣಾ ತೀರದ ನಮ್ಮ ಉದಗಾಂವದಲ್ಲಿ ಸಾಲವೆಂಬುದು ಹೊಸ ಮಾತಲ್ಲ. ಕಬ್ಬು ನಾಟಿದ ದಿನದಿಂದ ಅದರ ಬಿಲ್ಲು ಕೈಸೇರುವ ದಿನದವರೆಗೆ ವರುಷವೇ ಉರುಳುತ್ತದೆ. ಆ ನಡುವೆ ಗೊಬ್ಬರದ ಖರ್ಚಾಗಲಿ, ಮಗಳ ಮದುವೆಯಾಗಲಿ, ಮನೆಯವರ ರೋಗರುಜಿನಗಳಾಗಲಿ ಕಾಯ್ದು ಕುಳಿತಿರುವುದಿಲ್ಲ. 2005, 2019 ಮತ್ತು 2021ರಲ್ಲಿ ನಮ್ಮ ಶಿರೋಳ ತಾಲೂಕಿಗೆ ಮಹಾಪೂರ ಬಂದಾಗ ಬೆಳೆಯೂ ಮನೆಯೂ ನೀರುಪಾಲಾದುದನ್ನು ಕಂಡವರು ನಾವು. ಇಂಥ ಹೊತ್ತಿನಲ್ಲಿ ಸಾಲ ಮಾಡಿದವನನ್ನು ಅಪರಾಧಿಯೆಂದು ಕಾಣುವುದು ತರವಲ್ಲ. ‘ಸಾಲ ಶೂಲ’ ಎಂದ ಹಿರಿಯರ ಮಾತು ಎಚ್ಚರಿಕೆಯ ಮಾತೇ ಹೊರತು, ಸಾಲಗಾರನನ್ನು ಶೂಲಕ್ಕೇರಿಸಿರೆಂಬ ಅಪ್ಪಣೆಯಲ್ಲ.

ಬಾಗಿಲು ಬಡಿದ ಸದ್ದಾದೊಡನೆ ಮಗುವನ್ನು ಮುಂದೆ ಕಳುಹಿಸಿ ‘ಅಪ್ಪ ಊರಲ್ಲಿಲ್ಲ’ ಎಂದು ಹೇಳಿಸುವ ಮನೆಗಳುಂಟು. ಆ ಮಗು ಅಂದು ಎರಡು ಪಾಠಗಳನ್ನು ಕಲಿಯುತ್ತದೆ. ಒಂದು ಸುಳ್ಳು, ಇನ್ನೊಂದು ಅಂಜಿಕೆ. ಅವೆರಡರ ಬದಲು ನ್ಯಾಯದ ತಿಳಿವಳಿಕೆಯನ್ನು ಆ ಮಗುವಿಗೂ ಅದರ ತಾಯಿತಂದೆಗಳಿಗೂ ಒದಗಿಸಬೇಕೆಂಬುದೇ ಈ ಲೇಖನದ ಉದ್ದೇಶ.

ಮೊದಲೇ ಒಂದು ಮಾತನ್ನು ಸ್ಪಷ್ಟಪಡಿಸುತ್ತೇವೆ. ಪಡೆದ ಸಾಲವನ್ನು ತೀರಿಸಬೇಕಾದುದು ಧರ್ಮ. ಕೊಟ್ಟವನು ಕೇಳುವುದೂ ನ್ಯಾಯವೇ. ಆದರೆ ಸಾಲ ಕೊಟ್ಟವನಿಗೆ ಹಣದ ಮೇಲೆ ಹಕ್ಕುಂಟೇ ವಿನಾ ಸಾಲಗಾರನ ಮಾನದ ಮೇಲೆ ಹಕ್ಕಿಲ್ಲ.

ಹಳೆಯದೊಂದು ಪಾಠ

1875ನೆಯ ಮೇ 12ರಂದು ಪುಣೆ ಜಿಲ್ಲೆಯ ಸುಪೆ ಎಂಬ ಊರಿನಲ್ಲಿ ರೈತರು ಸಾವಕಾರರ ಅಂಗಡಿಗಳಿಗೆ ನುಗ್ಗಿ, ಸಾಲದ ಪತ್ರಗಳನ್ನೂ ಲೆಕ್ಕದ ವಹಿಗಳನ್ನೂ ಸುಟ್ಟರು. ಆ ದಂಗೆ ಪುಣೆ ಮತ್ತು ಅಂದಿನ ಅಹಮದನಗರ ಜಿಲ್ಲೆಗಳ ಅನೇಕ ಗ್ರಾಮಗಳಿಗೆ ಹಬ್ಬಿತು. ರೈತರ ಸಿಟ್ಟು ಬಹುಮಟ್ಟಿಗೆ ಕಾಗದಪತ್ರಗಳ ಮೇಲಿತ್ತು. ತಾವು ಓದಲಾರದ ಪತ್ರಕ್ಕೆ ಹೆಬ್ಬೆಟ್ಟೊತ್ತಿ ಹೊಲಮನೆ ಕಳೆದುಕೊಂಡವರು ಅವರು. ಸರಕಾರವು ಆಯೋಗವೊಂದನ್ನು ನೇಮಿಸಿ ವಿಚಾರಿಸಿತು. 1879ರಲ್ಲಿ ದಖನ್ ಕೃಷಿಕರ ಪರಿಹಾರ ಕಾಯಿದೆ ಬಂದಿತು. ಅಂದಿನಿಂದ ನ್ಯಾಯಾಲಯವು ಪತ್ರದಲ್ಲಿ ಬರೆದ ಮೊತ್ತವನ್ನಷ್ಟೇ ನಂಬದೆ, ಆ ಸಾಲವು ಬೆಳೆದು ಬಂದ ಬಗೆಯನ್ನೂ ಕೆದಕಿ ನೋಡತೊಡಗಿತು.

ಪತ್ರವನ್ನು ಸುಡುವುದು ಪರಿಹಾರವಲ್ಲ. ಪತ್ರವನ್ನು ಓದುವುದು ಪರಿಹಾರ. ಇದೇ ಆ ಘಟನೆಯಿಂದ ನಾವು ಕಲಿಯುವ ಪಾಠ.

ಕಿರುಕುಳವನ್ನು ಗುರುತಿಸುವ ಬಗೆ

ಹಣ ಕೇಳುವುದಕ್ಕೂ ಕಾಡುವುದಕ್ಕೂ ನಡುವೆ ಗೆರೆಯುಂಟು. ಬೈಗುಳ ಹಾಗೂ ಬೆದರಿಕೆ, ಬಿಡುವಿಲ್ಲದೆ ದೂರವಾಣಿ ಕರೆ, ಬೀಗರು ನೆಂಟರಿಗೂ ನೆರೆಯವರಿಗೂ ಹೇಳಿ ಅವಮಾನಿಸುವುದು, ಹೆಸರನ್ನು ಸಾರ್ವಜನಿಕವಾಗಿ ಪ್ರಕಟಿಸುವುದು, ‘ನಾಳೆಯೇ ಜೈಲಿಗೆ ಹಾಕಿಸುತ್ತೇವೆ’ ಎಂದು ಸುಳ್ಳು ಹೇಳಿ ಹೆದರಿಸುವುದು, ಮನೆಯ ಸಾಮಾನುಗಳನ್ನು ಎತ್ತಿಕೊಂಡು ಹೋಗುವುದು, ಇವೆಲ್ಲ ಗೆರೆ ದಾಟಿದ ನಡತೆಗಳು. ಒಬ್ಬಳ ಕಂತು ತಪ್ಪಿತೆಂದು ಗುಂಪಿನ ಉಳಿದ ಹೆಂಗಸರನ್ನು ಕತ್ತಲಾಗುವವರೆಗೆ ತಡೆದು ಕೂರಿಸುವುದೂ ಇದೇ ಜಾತಿಯದು.

ಸಾಲ ಕೊಟ್ಟವರು ಯಾರೆಂಬುದನ್ನು ಮೊದಲು ತಿಳಿಯಬೇಕು. ಒಬ್ಬೊಬ್ಬರಿಗೆ ಒಂದೊಂದು ಕಟ್ಟಳೆಯುಂಟು.

ಮೊದಲನೆಯವರು ಖಾಸಗಿ ಸಾವಕಾರರು. 2014ರ ಮಹಾರಾಷ್ಟ್ರ ಸಾವಕಾರಿ ನಿಯಂತ್ರಣ ಕಾಯಿದೆಯಂತೆ ಪರವಾನಗಿಯಿಲ್ಲದೆ ಸಾವಕಾರಿ ನಡೆಸಿದವನಿಗೆ 5 ವರ್ಷಗಳವರೆಗೆ ಸೆರೆ, ಇಲ್ಲವೆ 50,000 ರೂಪಾಯಿಗಳವರೆಗೆ ದಂಡ, ಇಲ್ಲವೆ ಎರಡೂ ಉಂಟು. ಬಡ್ಡಿಯೆಂದು ಅಸಲಿಗಿಂತ ಹೆಚ್ಚಿನ ಹಣವನ್ನು ಪಡೆಯಲು ಪರವಾನಗಿ ಪಡೆದವನಿಗೂ ಹಕ್ಕಿಲ್ಲ. ಸಾಲಗಾರನನ್ನು ಬೆದರಿಸುವುದು, ಹೋದಲ್ಲೆಲ್ಲ ಬೆನ್ನುಹತ್ತುವುದು, ಅವನ ಮನೆಯ ಬಳಿ ಠಳಾಯಿಸುವುದು ಈ ಕಾಯಿದೆಯಡಿ ಅಪರಾಧಗಳು. ಸಾಲದ ಭದ್ರತೆಗೆಂದು ಪಡೆದ ಹೊಲವನ್ನು ಖರೀದಿಪತ್ರದ ಸೋಗಿನಲ್ಲಿ ನುಂಗಿಕೊಂಡಿದ್ದರೆ, 15 ವರ್ಷಗಳೊಳಗಿನ ಅಂಥ ವ್ಯವಹಾರವನ್ನು ಜಿಲ್ಲಾ ನಿಬಂಧಕರು ವಿಚಾರಿಸಿ, ಹೊಲವನ್ನು ಮರಳಿ ಕೊಡಿಸಬಲ್ಲರು.

ಎರಡನೆಯವರು ಬ್ಯಾಂಕುಗಳು ಹಾಗೂ ಮೈಕ್ರೋಫೈನಾನ್ಸ್ ಸಂಸ್ಥೆಗಳು. ಇವುಗಳ ಮೇಲೆ ರಿಸರ್ವ್ ಬ್ಯಾಂಕಿನ ಹತೋಟಿಯಿದೆ. 2022ರ ಮಾರ್ಚಿಯಲ್ಲಿ ಅದು ವಿಧಿಸಿದ ನಿಯಮಗಳಂತೆ ಕಿರುಸಾಲದ ಕಂತನ್ನು ಮೊದಲೇ ಗೊತ್ತುಪಡಿಸಿದ ಜಾಗದಲ್ಲಿ ವಸೂಲು ಮಾಡಬೇಕು. ಸಾಲಗಾರರು ಒಂದರ ಮೇಲೊಂದು ಎರಡು ಸಲವಾದರೂ ಅಲ್ಲಿಗೆ ಬಾರದಿದ್ದಾಗ ಮಾತ್ರ ಮನೆಗೆ ಹೋಗಬಹುದು. ಬೆಳಗಿನ 9 ಗಂಟೆಗೆ ಮೊದಲು, ಸಂಜೆ 6ರ ನಂತರ ವಸೂಲಿಗೆ ಬರಕೂಡದು. ಮನೆತನದ ಎಲ್ಲ ಸಾಲಗಳ ತಿಂಗಳ ಕಂತುಗಳು ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರುವಂತೆ ಸಾಲ ಕೊಡಕೂಡದು. ಸಾಲದ ಕರಾರು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿರಬೇಕು. ಮರಾಠಿ ನಾಡಿನಲ್ಲಿ ಕನ್ನಡ ಮನೆಮಾತಿನವರಾಗಿರುವ ನಮಗೆ ಈ ಕೊನೆಯ ನಿಯಮ ಬಹು ಮುಖ್ಯವಾದುದು. ಮರಾಠಿ ಇಲ್ಲವೆ ಇಂಗ್ಲಿಷ್ ಪತ್ರ ತಿಳಿಯದಿದ್ದರೆ, ತಿಳಿಯುವವರೆಗೆ ಸಹಿ ಮಾಡದಿರುವುದು ನಮ್ಮ ಹಕ್ಕು.

ಮೂರನೆಯವರು ಮೊಬೈಲಿನಲ್ಲಿ ನಿಮಿಷಮಾತ್ರದಲ್ಲಿ ಸಾಲ ಕೊಡುವ ಆ್ಯಪ್‌ಗಳು. ಫೋನಿನಲ್ಲಿರುವ ಹೆಸರುಗಳ ಪಟ್ಟಿಗಾಗಲಿ ಭಾವಚಿತ್ರಗಳಿಗಾಗಲಿ ಇವು ಕೈಹಾಕಕೂಡದೆಂದು ರಿಸರ್ವ್ ಬ್ಯಾಂಕು 2022ರ ಸೆಪ್ಟಂಬರದಲ್ಲಿ ನಿಯಮ ಮಾಡಿತು. ಅವುಗಳನ್ನು ಕೇಳುವ ಆ್ಯಪ್ ಮೋಸದ್ದೆಂದೇ ಬಗೆಯಬೇಕು.

ಗಡಿಯಾಚೆಗೆ ಬಂಧುಬಳಗವುಳ್ಳವರು ಇನ್ನೊಂದನ್ನೂ ತಿಳಿದಿರಲಿ. ಕಿರುಸಾಲದ ವಸೂಲಿಯಲ್ಲಿ ಬಲಾತ್ಕಾರವನ್ನು ತಡೆಯಲು ಕರ್ನಾಟಕವು 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಹೊರಡಿಸಿ, 10 ವರ್ಷಗಳವರೆಗೆ ಸೆರೆವಾಸವನ್ನು ವಿಧಿಸಿತು. ಮುಂದೆ ವಿಧಾನಮಂಡಲವು ಅದನ್ನು ಕಾಯಿದೆಯಾಗಿಸಿತು.

ಯಾವುದಕ್ಕೆ ಅಂಜಬೇಕಿಲ್ಲ?

ಕೈಯಲ್ಲಿ ಹಣವಿಲ್ಲದೆ ಕಂತು ತಪ್ಪಿದರೆ ಅದು ದಿವಾಣಿ ವ್ಯವಹಾರ. ಅಷ್ಟರಿಂದಲೇ ಪೋಲೀಸರು ಯಾರನ್ನೂ ಹಿಡಿದೊಯ್ಯುವುದಿಲ್ಲ. ಆದರೆ ಸಹಿ ಮಾಡಿಕೊಟ್ಟ ಚೆಕ್ಕು ಬ್ಯಾಂಕಿನಿಂದ ಮರಳಿದರೆ ಅದು ಬೇರೆಯೇ ಮೊಕದ್ದಮೆಯಾಗುತ್ತದೆ. ಆದ ಕಾರಣ ಮೊತ್ತ ಬರೆಯದ ಚೆಕ್ಕನ್ನಾಗಲಿ ಬರಿಯ ಸ್ಟಾಂಪು ಕಾಗದವನ್ನಾಗಲಿ ಸಹಿಮಾಡಿ ಕೊಡಲೇಬಾರದು.

ಒತ್ತೆಯಿಡದ ಸಾಲಕ್ಕಾಗಿ ಮನೆಯ ವಸ್ತುಗಳನ್ನು ಜಪ್ತು ಮಾಡಲು ನ್ಯಾಯಾಲಯದ ಆಜ್ಞೆ ಬೇಕು. ನ್ಯಾಯಾಲಯವು ಕೂಡ ಎಲ್ಲವನ್ನೂ ಮುಟ್ಟುವಂತಿಲ್ಲ. 1908ರ ದಿವಾಣಿ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮು ಉಡುವ ಬಟ್ಟೆ, ಅಡಿಗೆಯ ಪಾತ್ರೆ, ಹಾಸಿಗೆ ಹೊದಿಕೆ, ಧರ್ಮಾಚಾರದಂತೆ ಹೆಣ್ಣುಮಕ್ಕಳು ಅಗಲಿಸಲಾಗದ ಆಭರಣ, ಕುಶಲಕರ್ಮಿಯ ಉಪಕರಣ, ಒಕ್ಕಲಿಗನ ಬೇಸಾಯದ ಸಲಕರಣೆ, ಅವನ ಜೀವನಕ್ಕೆ ಬೇಕಾದ ಎತ್ತು ಮತ್ತು ಬೀಜದ ಕಾಳು, ಇವುಗಳನ್ನು ಜಪ್ತಿಯಿಂದ ಕಾಪಾಡಿದೆ. ನ್ಯಾಯಾಧೀಶರೇ ಮುಟ್ಟದುದನ್ನು ವಸೂಲಿಗಾರನು ಮುಟ್ಟುವುದೆಂತು?

ವಿದ್ಯಾರ್ಥಿಗಳೇ, 18 ವರ್ಷ ತುಂಬದವರು ಮಾಡಿದ ಕರಾರು ಕಾಯಿದೆಯಲ್ಲಿ ನಿಲ್ಲದು. ತಾಯಿತಂದೆಗಳ ಸಾಲಕ್ಕೆ ಮಕ್ಕಳು ಹೊಣೆಯಾಗುವುದು ಅವರಿಂದ ಬಂದ ಆಸ್ತಿಯ ಮಿತಿಯಲ್ಲಿ ಮಾತ್ರ. ಶಾಲೆಯ ದಾರಿಯಲ್ಲಿ ನಿಮ್ಮನ್ನು ಯಾರಾದರೂ ತಡೆದು ಸಾಲದ ಮಾತೆತ್ತಿದರೆ, ಉತ್ತರ ಕೊಡಬೇಡಿರಿ. ಮನೆಯಲ್ಲಿಯೂ ಗುರುಗಳಲ್ಲಿಯೂ ಕೂಡಲೆ ತಿಳಿಸಿರಿ.

ತಡೆಯುವ ಉಪಾಯ

ಬಂದವನ ಗುರುತಿನ ಚೀಟಿಯನ್ನೂ ಸಂಸ್ಥೆಯ ಅಧಿಕಾರಪತ್ರವನ್ನೂ ಕೇಳಬೇಕು. ಒಂದು ವಹಿಯಲ್ಲಿ ದಿನಾಂಕ, ವೇಳೆ, ಬಂದವರ ಹೆಸರು, ಆಡಿದ ಮಾತು, ಕಂಡ ಸಾಕ್ಷಿಗಳು ಇಷ್ಟನ್ನೂ ಬರೆದಿಡಬೇಕು. ಕಟ್ಟಿದ ಪ್ರತಿ ರೂಪಾಯಿಗೂ ಪಾವತಿ ಪಡೆಯಬೇಕು. ಸಂದೇಶಗಳನ್ನು ಅಳಿಸದೆ ಇಟ್ಟುಕೊಳ್ಳಬೇಕು. ಅಡಚಣೆಯುಂಟಾದಾಗ ತಲೆಮರೆಸಿಕೊಳ್ಳದೆ, ‘ಇಂಥ ಕಾರಣದಿಂದ ಇಷ್ಟು ಅವಧಿ ಬೇಕು’ ಎಂದು ಸಂಸ್ಥೆಗೆ ಬರೆದು ತಿಳಿಸಿ, ಆ ಪತ್ರದ ಪ್ರತಿಯನ್ನು ಕಾದಿಡಬೇಕು. ಪ್ರಾಮಾಣಿಕನ ಕೈಯಲ್ಲಿ ಇಂಥ ಪತ್ರವೇ ಗುರಾಣಿ.

ದೂರನ್ನು ಮೊದಲು ಸಾಲ ಕೊಟ್ಟ ಸಂಸ್ಥೆಗೇ ಲಿಖಿತವಾಗಿ ಕೊಡಬೇಕು. 30 ದಿನಗಳಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಲೋಕಪಾಲರಿಗೆ ದೂರು ಸಲ್ಲಿಸಬಹುದು. ಮಾಹಿತಿಗೆ ದೂರವಾಣಿ 14448. ಸಾವಕಾರನ ಮೇಲಿನ ದೂರನ್ನು ತಾಲೂಕಿನ ಸಹಕಾರಿ ಸಂಸ್ಥೆಗಳ ಸಹಾಯಕ ನಿಬಂಧಕರಿಗೆ ಕೊಡಬೇಕು. ಆ್ಯಪ್‌ಗಳ ಮೋಸಕ್ಕೆ 1930, ಹೊಡೆತ ಬಡಿತದ ಭಯವಿದ್ದರೆ 112. ಬೆದರಿಕೆಯು ಭಾರತೀಯ ನ್ಯಾಯ ಸಂಹಿತೆಯ 351ನೆಯ ಕಲಮಿನ ಅಪರಾಧ. ಹೆಣ್ಣುಮಕ್ಕಳಿಗೆ ಆದಾಯವೆಷ್ಟೇ ಇದ್ದರೂ 1987ರ ಕಾಯಿದೆಯಂತೆ ವಕೀಲರ ಸಹಾಯ ಉಚಿತ, ಅದಕ್ಕೆ 15100.

ಇವೆಲ್ಲಕ್ಕೂ ಮೊದಲು ಮೌನವನ್ನು ಮುರಿಯಬೇಕು. ಕಾಡುವವನ ಬಲವೆಲ್ಲ ನಮ್ಮ ನಾಚಿಕೆಯಲ್ಲಿದೆ. ‘ನಾಲ್ಕು ಜನಕ್ಕೆ ತಿಳಿದರೆ ಮಾನ ಹೋದೀತು’ ಎಂದು ಒಳಗೊಳಗೇ ಬೇಯುವ ಮನೆಯಲ್ಲಿಯೇ ಅವನ ಧ್ವನಿ ಏರುತ್ತದೆ. ಇಬ್ಬರು ನೆರೆಯವರು ಬಂದು ಕಟ್ಟೆಯ ಮೇಲೆ ಕುಳಿತರೆ ಅದೇ ಧ್ವನಿ ತಗ್ಗುತ್ತದೆ. ಸಾಲದ ಚಿಂತೆಯಿಂದ ಯಾರಾದರೂ ಊಟ ನಿದ್ದೆ ಬಿಟ್ಟು ‘ಇನ್ನೇಕೆ ಬದುಕಬೇಕು’ ಎಂದರೆ ಅವರನ್ನು ಒಂಟಿಯಾಗಿ ಬಿಡಬೇಡಿರಿ; 14416ಕ್ಕೆ ಕರೆ ಮಾಡಿದರೆ ಸಮಾಧಾನ ಹೇಳುವವರು ಹಗಲಿರುಳೂ ಇದ್ದಾರೆ. ಯಾವ ಸಾಲವೂ ಒಂದು ಜೀವಕ್ಕಿಂತ ದೊಡ್ಡದಲ್ಲ.

ಮಕ್ಕಳೇ, ಈ ಸಂಚಿಕೆಯನ್ನು ಮನೆಗೆ ಒಯ್ದ ದಿನವೇ ಒಂದು ಕೆಲಸ ಮಾಡಿರಿ. ಅವ್ವನ ಪೆಟ್ಟಿಗೆಯಲ್ಲಿ ಮಡಿಚಿಟ್ಟ ಸಾಲದ ಕಾರ್ಡನ್ನು ಕೇಳಿ ಪಡೆದು, ಅಸಲೆಷ್ಟು, ಬಡ್ಡಿಯೆಷ್ಟು, ತುಂಬಿದ್ದೆಷ್ಟು, ಉಳಿದದ್ದೆಷ್ಟು ಎಂದು ಅವಳಿಗೆ ಗಟ್ಟಿಯಾಗಿ ಓದಿ ಹೇಳಿರಿ. ಸುಪೆಯ ರೈತನಿಗೆ ಹೀಗೆ ಓದಿ ಹೇಳುವ ಮಗನೂ ಮಗಳೂ ಇರಲಿಲ್ಲ. ನಿಮ್ಮ ಮನೆಯಲ್ಲಿ ನೀವಿದ್ದೀರಿ.