ಕುರ್ಚಿ ಹೊಸಿಲು ದಾಟಲಿ

ತಮ್ಮಾ,

ಶ್ರೀನಿವಾಸಪುರದ ಕಡೆ ಮಾವಿನ ಸುಗ್ಗಿಯಲ್ಲಿ ನಿನ್ನ ಹಾಗೆ ಕೊಂಬೆ ಮುರಿದು ಬೀಳುವವರಿದ್ದಾರೆ. ಮಾಲೂರಿನ ಕಡೆ ಕಟ್ಟಡದ ಸಾರುವೆಯಿಂದ ಬೀಳುವವರು, ಮುಳಬಾಗಿಲಿನ ಹೆದ್ದಾರಿಯಲ್ಲಿ ಬೈಕಿನಿಂದ ಬೀಳುವವರೂ ಇದ್ದಾರೆ. ಬಿದ್ದ ಬಗೆ ಯಾವುದಾದರೂ ಬೆನ್ನುಹುರಿಗೆ ಬಲವಾದ ಪೆಟ್ಟಾಯಿತೆಂದರೆ ಬಹಳ ಮಂದಿಯ ಪಾಡು ಒಂದೇ. ಕಾಲಿನಲ್ಲಿ ಬಲ ಇರುವುದಿಲ್ಲ, ಮುಟ್ಟಿದ್ದು ತಿಳಿಯುವುದಿಲ್ಲ, ಮಲಮೂತ್ರದ ಹಿಡಿತ ತಪ್ಪುತ್ತದೆ. ಆಸ್ಪತ್ರೆಯಿಂದ ಬಂದ ಹೊಸತರಲ್ಲಿ ಊರೆಲ್ಲ ಮನೆಗೆ ಬರುತ್ತದೆ. ಆಮೇಲೆ ಬರುವವರು ಕಡಿಮೆಯಾಗುತ್ತಾರೆ. ದಿನಗಳು ಉದ್ದವಾಗುತ್ತವೆ. ನಾನು ಮಾತಾಡಬೇಕೆಂದಿರುವುದು ಆ ಹೊತ್ತಿನ ಬಗ್ಗೆ.

ನನ್ನದು ಪೋಲಿಯೊ ಬಂದ ಕಾಲು. ಚಕ್ರದ ಮೇಲೆ ಓಡಾಡುತ್ತಲೇ ಮುದುಕನಾದವನು. ನಿನಗೆ ಹೇಳುವುದು ಒಂದೇ ಮಾತು: ವೀಲ್‌ಚೇರ್ ಇರುವುದು ಹೊರಗೆ ಹೋಗುವುದಕ್ಕೆ. ಮನೆಯ ಮೂಲೆಯಲ್ಲಿ ಕೂರುವುದಕ್ಕಾದರೆ ಮಂಚವೇ ಸಾಕಿತ್ತು. ಮುಂದೆ ಹೇಳುವ ಕೆಲಸಗಳೆಲ್ಲ ಈ ಒಂದು ಮಾತು ನಡೆಯಲಿ ಅಂತ.

ಮೊದಲನೆಯದು ಅಳತೆ. ಸಮಾರಂಭ ಮಾಡಿ, ಹಾರ ಹಾಕಿ, ಒಂದೇ ಅಳತೆಯ ಕುರ್ಚಿಗಳನ್ನು ಸಾಲಾಗಿ ಕೊಡುವುದನ್ನು ನಮ್ಮ ಊರುಗಳಲ್ಲಿ ನೋಡಿದ್ದೀಯ. ಕೊಡುವವರ ಮನಸ್ಸು ಒಳ್ಳೆಯದೇ. ಆದರೆ ಅಳತೆಗೆ ಬಾರದ ಕುರ್ಚಿ ಇನ್ನೊಬ್ಬರ ಚಪ್ಪಲಿ ಇದ್ದ ಹಾಗೆ. ಸೊಂಟದ ಎರಡೂ ಪಕ್ಕ ಒಂದೊಂದು ಬೆರಳು ಹೋಗುವಷ್ಟು ಜಾಗವಿದ್ದರೆ ಸಾಕು. ಸೀಟಿನ ಅಂಚಿಗೂ ಮೊಣಕಾಲಿನ ಹಿಂಬದಿಗೂ ನಡುವೆ ಎರಡು ಬೆರಳು ಬಿಡುವಿರಲಿ. ಪಾದ ಜೋತಾಡಬಾರದು, ಮಂಡಿ ಮೇಲೇಳಲೂಬಾರದು. ಇದು ನನ್ನೊಬ್ಬನ ಅಭಿಪ್ರಾಯವಲ್ಲ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲೇ ಇದಕ್ಕೆಂದು ಮಾರ್ಗಸೂಚಿ ಹೊರಡಿಸಿತು. ಕುರ್ಚಿ ಕೊಟ್ಟರೆ ಮುಗಿಯಲಿಲ್ಲ, ಅಳತೆ ತೆಗೆಯಬೇಕು, ಕೂರಿಸಿ ಸರಿಹೊಂದಿಸಬೇಕು, ಬಳಸುವುದನ್ನು ಕಲಿಸಬೇಕು, ರಿಪೇರಿಗೂ ದಾರಿ ಇರಬೇಕು ಎಂದು ಅದರಲ್ಲಿದೆ. ಕೊಡುವವರನ್ನು ಈ ನಾಲ್ಕನ್ನೂ ಕೇಳು, ಸಂಕೋಚ ಬೇಡ. ನಮ್ಮ ಮಣ್ಣುದಾರಿಗೆ ಮುಂದಿನ ಚಕ್ರ ತೀರಾ ಚಿಕ್ಕದಾದರೆ ಕಲ್ಲಿಗೆ ಸಿಕ್ಕಿ ಮುಗ್ಗರಿಸುತ್ತದೆ. ಹಿಂದಿನ ಟೈರು ಊರಿನ ಸೈಕಲ್ ಶಾಪಿನಲ್ಲಿ ಪಂಚರ್ ಹಾಕಿಸುವಂಥದ್ದಾದರೆ ಉತ್ತಮ.

ಇವತ್ತು ನೀನು ಆಟೋದಲ್ಲಿ ಮಡಚಿಟ್ಟುಕೊಂಡು ಹೋಗುವ ಕುರ್ಚಿಯ ಹಿಂದೆ ಒಬ್ಬ ಗಣಿಯವನಿದ್ದಾನೆ. ಅಮೆರಿಕದ ಹರ್ಬರ್ಟ್ ಎವರೆಸ್ಟ್ ಗಣಿ ಇಂಜಿನಿಯರು. ಗಣಿಯ ಅವಘಡದಲ್ಲಿ ಅವನ ಬೆನ್ನು ಮುರಿಯಿತು. ಆ ಕಾಲದ ಭಾರದ ಕುರ್ಚಿಗಳನ್ನು ಕಾರಿಗೆ ಏರಿಸುವುದೇ ಕಷ್ಟವಾಗಿತ್ತು. ಅದಕ್ಕೇ ಗೆಳೆಯ ಹ್ಯಾರಿ ಜೆನ್ನಿಂಗ್ಸ್ ಜೊತೆ ಸೇರಿ 1930ರ ದಶಕದಲ್ಲಿ ಉಕ್ಕಿನ ಕೊಳವೆಯ ಮಡಚುವ ಕುರ್ಚಿ ಮಾಡಿದ. 2001ರಲ್ಲಿ ಮುಚ್ಚುವ ತನಕ ಕೆ.ಜಿ.ಎಫ್. ಚಿನ್ನದ ಗಣಿಗೆ ಆಳುಗಳನ್ನು ಕಳಿಸಿದ ಕೋಲಾರ ಜಿಲ್ಲೆ ನಮ್ಮದು. ನೆಲದಡಿ ಬಂಡೆ ಸಿಡಿದರೆ ಮನುಷ್ಯನ ಮೈ ಏನಾಗುತ್ತದೆಂದು ನಮಗೆ ಬೇರೆಯವರು ಹೇಳಬೇಕಿಲ್ಲ. ಮನೆಯಿಂದ ಹೊರಗೆ ಹೋಗಲೇಬೇಕು ಅನ್ನುವ ಹಟದಿಂದ ಹುಟ್ಟಿದ್ದು ಎವರೆಸ್ಟನ ಆ ಕುರ್ಚಿ, ಮರೆಯಬೇಡ.

ಎರಡನೆಯದು ಮೈ. ನನಗೆ ಕಾಲಿನಲ್ಲಿ ಬಲವಿಲ್ಲ, ಆದರೆ ಚಿವುಟಿದರೆ ನೋಯುತ್ತದೆ. ನಿನಗೆ ಆ ನೋವೂ ತಿಳಿಯುವುದಿಲ್ಲ. ಅಪಾಯ ಇರುವುದೇ ಅಲ್ಲಿ. ಕೂತ ಜಾಗದಲ್ಲಿ ರಕ್ತ ಓಡದೆ ಚರ್ಮ ಕೆಂಪಾಗುತ್ತದೆ, ಒಡೆಯುತ್ತದೆ, ಹುಣ್ಣು ಮೂಳೆಯವರೆಗೂ ಹೋಗುತ್ತದೆ. ಜೀವ ತೆಗೆದದ್ದೂ ಉಂಟು. ಹದಿನೈದು–ಇಪ್ಪತ್ತು ನಿಮಿಷಕ್ಕೊಮ್ಮೆ ಮುಂದಕ್ಕೆ ಬಾಗಿ, ಇಲ್ಲವೇ ಪಕ್ಕಕ್ಕೆ ವಾಲಿ, ಒಂದೆರಡು ನಿಮಿಷ ಭಾರ ಇಳಿಸು. ಮಲಗಿದಾಗ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಕುಶನ್ ಇಲ್ಲದೆ ಕೂರಬೇಡ. ರಾತ್ರಿ ಕನ್ನಡಿ ಹಿಡಿದು ಕುಂಡಿ, ಸೊಂಟ, ಹಿಮ್ಮಡಿ ನೋಡಿಕೋ. ಕೆಂಪು ಕಲೆ ಹೋಗದಿದ್ದರೆ ಆ ಜಾಗಕ್ಕೆ ಭಾರ ಬೀಳದ ಹಾಗೆ ಮಲಗು, ಡಾಕ್ಟರಿಗೆ ತೋರಿಸು. ಬಿಸಿ ಕಾಫಿ ಲೋಟ, ಸಾರಿನ ಪಾತ್ರೆ ತೊಡೆಯ ಮೇಲೆ ಇಟ್ಟುಕೊಳ್ಳಬೇಡ. ಚಳಿಗಾಲದಲ್ಲಿ ಬೆಂಕಿ ಕಾಯಿಸಿಕೊಳ್ಳುವಾಗ ಕಾಲು ದೂರವಿರಲಿ.

ನೀರಿನ ಮಾತನ್ನು ಬಿಡಿಸಿ ಹೇಳಬೇಕು. ನಾಚಿಕೆಯಿಂದ ಯಾರೂ ಇದನ್ನು ಹೇಳುವುದಿಲ್ಲ. ಹೊರಗೆ ಹೋದರೆ ಮೂತ್ರಕ್ಕೆ ಎಲ್ಲಿ ಹೋಗುವುದು ಎಂದು ಹೆದರಿ ನಮ್ಮವರು, ಅದರಲ್ಲೂ ಹೆಣ್ಣುಮಕ್ಕಳು, ನೀರು ಕುಡಿಯುವುದನ್ನೇ ಬಿಡುತ್ತಾರೆ. ಆಮೇಲೆ ಸೋಂಕು, ಕಲ್ಲು, ಕಿಡ್ನಿ ತೊಂದರೆ. ನಾಲ್ಕಾರು ಗಂಟೆಗೊಮ್ಮೆ ನಾವೇ ಶುಚಿಯಾಗಿ ಕೊಳವೆ ಹಾಕಿ ಮೂತ್ರ ತೆಗೆಯುವ ಕ್ರಮವಿದೆ. ನಿನಗೆ ಅದು ಸರಿಯೇ ಎಂದು ಡಾಕ್ಟರನ್ನು ಕೇಳಿ, ನರ್ಸಮ್ಮನ ಹತ್ತಿರ ಕೈಯಾರೆ ಕಲಿ. ಅದು ಕೈಗೆ ಹತ್ತಿತೆಂದರೆ ಬೆಂಗಳೂರಿಗೂ ಹೋಗಿ ಬರುವ ಧೈರ್ಯ ಬರುತ್ತದೆ. ಕುಡಿಯುವ ನೀರು ಶುದ್ಧ ನೀರಿನ ಘಟಕದ್ದಿರಲಿ. ನಮ್ಮ ಕಡೆಯ ಬೋರ್‌ವೆಲ್ ನೀರಿನ ಫ್ಲೋರೈಡ್ ಮೂಳೆಗೆ ಒಳ್ಳೆಯದಲ್ಲ.

ಮೂರನೆಯದು ಹೊಸಿಲು. ನಮ್ಮ ಮನೆಗಳಿಗೆಲ್ಲ ಜಗಲಿ ಎತ್ತರ, ಹೊಸಿಲು ಎತ್ತರ, ಬಚ್ಚಲು ಹಿತ್ತಿಲಲ್ಲಿ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು, ಅದೇ ಲೆಕ್ಕ. ಮೇಸ್ತ್ರಿ ನಾಲ್ಕಡಿಯಲ್ಲಿ ಮುಗಿಸುತ್ತೇನೆ ಅಂದರೆ ಒಪ್ಪಬೇಡ. ಅಂಥ ಇಳಿಜಾರಿನಲ್ಲಿ ನೀನೊಬ್ಬನೇ ಹತ್ತಲಾರೆ, ಇಳಿದರೆ ಉರುಳುತ್ತೀಯ. ಮಾಲೂರು ಇಟ್ಟಿಗೆಯೋ ನಮ್ಮ ಕಲ್ಲು ಚಪ್ಪಡಿಯೋ ಯಾವುದಾದರೂ ಆಗಲಿ, ಮೇಲ್ಮೈ ಒರಟಾಗಿರಲಿ, ಮಳೆಯಲ್ಲಿ ಜಾರಬಾರದು. ಬಾಗಿಲು ಮೂರಡಿ ಅಗಲವಿದ್ದರೆ ಕುರ್ಚಿ ಸಲೀಸಾಗಿ ನುಗ್ಗುತ್ತದೆ. ಮನೆಯಲ್ಲಿ ದುಡ್ಡಿರುವುದು ಒಂದೇ ಕೆಲಸಕ್ಕಾದರೆ ಮೊದಲು ಬಚ್ಚಲು ಸರಿಮಾಡಿಸು. ಇನ್ನೊಬ್ಬರು ಎತ್ತಿ ಕೂರಿಸದೆ ನೀನೇ ಸ್ನಾನ ಮಾಡಿದ ದಿನ ಮನೆಯಲ್ಲಿ ನಿನ್ನ ಮಾತಿನ ದನಿಯೇ ಬೇರೆಯಾಗುತ್ತದೆ.

ಅಮ್ಮಾ, ನಿನಗೂ ಒಂದು ಮಾತು. ಮಗ ಬಿದ್ದಾಗಿನಿಂದ ನೀನು ಸರಿಯಾಗಿ ನಿದ್ದೆ ಮಾಡಿಲ್ಲ, ಗೊತ್ತು. ಅವನ ಕೈ ಗಟ್ಟಿಯಿದೆ. ಅವನೇ ಚಕ್ರ ತಿರುಗಿಸಲಿ, ತಡವಾದರೂ ಬಿಡು. ಬಂದವರು ಅವನೆದುರಲ್ಲೇ ‘ಇವನು ಊಟ ಮಾಡಿದನಾ’ ಎಂದು ನಿನ್ನನ್ನು ಕೇಳಿದರೆ ‘ಅವನನ್ನೇ ಕೇಳಿ’ ಅನ್ನು. ಕುರ್ಚಿ ಮುಟ್ಟುವ ಮೊದಲು ಅವನನ್ನು ಕೇಳಲಿ. ಇಳಿಜಾರು ಕಡಿದಾಗಿದ್ದರೆ ಹಿಂಬದಿಯಿಂದ ಹಿಡಿದು ಹಿಮ್ಮುಖವಾಗಿ ಇಳಿಸಲಿ.

ತಮ್ಮಾ, ನಾಲ್ಕನೆಯದು ಹಕ್ಕು. ಕೋಲಾರದ ಎಸ್.ಎನ್.ಆರ್. ಜಿಲ್ಲಾಸ್ಪತ್ರೆಯಲ್ಲಿ ವೈದ್ಯರಿಗೆ ತೋರಿಸಿ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮಾಡಿಸು. ಮಾಸಾಶನಕ್ಕೂ ಬಸ್ ಪಾಸಿಗೂ ಅದು ಬೇಕು. ನಿಮ್ಮ ಗ್ರಾಮ ಪಂಚಾಯಿತಿಗೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ತಾಲ್ಲೂಕು ಪಂಚಾಯಿತಿಯಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು (ಎಂ.ಆರ್.ಡಬ್ಲ್ಯೂ.) ಇದ್ದಾರೆ. ಅವರ ಪರಿಚಯ ಮಾಡಿಕೋ. ಪಂಚಾಯಿತಿ ಅನುದಾನದಲ್ಲಿ ಶೇ. 5 ಅಂಗವಿಕಲರಿಗೆಂದೇ ಮೀಸಲು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸರ್ಕಾರಿ ಕೆಲಸದಲ್ಲಿ ಶೇ. 4 ಮೀಸಲಾತಿ ಕೊಡುತ್ತದೆ. ಹಳೆಯ ಸಾರ್ವಜನಿಕ ಕಟ್ಟಡಗಳನ್ನೂ ನಿಯಮ ಬಂದ ಐದು ವರ್ಷದೊಳಗೆ ನಮಗೆ ಓಡಾಡಲು ಬರುವಂತೆ ಮಾಡಬೇಕು ಎನ್ನುತ್ತದೆ. ನಿಯಮ ಬಂದದ್ದು 2017ರಲ್ಲಿ, ಆ ಗಡುವು ಮುಗಿದಾಗಿದೆ. ನಾಡಕಚೇರಿ, ಬ್ಯಾಂಕು, ಬಸ್ ಸ್ಟ್ಯಾಂಡು, ಶಾಲೆ, ಎಲ್ಲೇ ಮೆಟ್ಟಿಲು ಎದುರಾದರೂ ‘ಪರವಾಗಿಲ್ಲ ಬಿಡಿ, ಎತ್ತಿಕೊಂಡು ಹೋಗುತ್ತಾರೆ’ ಅನ್ನಬೇಡ. ಅರ್ಜಿ ಬರೆದು ಕೊಡು, ಹಿಂಬರಹ ಕೇಳು.

ಐದನೆಯದು ದುಡಿಮೆ. ಮರ ಹತ್ತುವುದು ಮುಗಿಯಿತು. ಆದರೆ ಮಾವಿನ ಲೆಕ್ಕ, ಟೊಮೆಟೊ ಮಂಡಿಯ ಚೀಟಿ, ಹಾಲಿನ ಡೇರಿಯಲ್ಲಿ ಫ್ಯಾಟ್ ನೋಡಿ ಬರೆಯುವುದು, ಮೊಬೈಲ್ ರಿಪೇರಿ, ಹೊಲಿಗೆ, ಇವು ಕೂತು ಮಾಡುವ ಕೆಲಸಗಳೇ. ಮುಂದೆ ಹೋದವರ ಹೆಸರು ನಿನಗೆ ಗೊತ್ತಿರಲಿ. ಪೋಲಿಯೊದಿಂದ ಕಾಲು ಹೋದ ಎನ್.ಎಸ್. ಹೇಮಾ 1959ರಲ್ಲಿ ಬೆಂಗಳೂರಿನಲ್ಲಿ ಅಂಗವಿಕಲರಿಗಾಗಿ ಎ.ಪಿ.ಡಿ. ಸಂಸ್ಥೆ ಕಟ್ಟಿದರು. ಬೆನ್ನುಹುರಿ ಪೆಟ್ಟಾದವರಿಗೆ ಅಲ್ಲಿ ತರಬೇತಿಯುಂಟು. ಮಾಲತಿ ಹೊಳ್ಳ ಬ್ಯಾಂಕಿನ ಕೆಲಸದ ಜೊತೆಗೇ ವೀಲ್‌ಚೇರ್ ಕ್ರೀಡಾಪಟುವಾಗಿ ದೇಶ ದೇಶ ಸುತ್ತಿದರು. 1995ರಲ್ಲಿ ಅರ್ಜುನ ಪ್ರಶಸ್ತಿ, 2001ರಲ್ಲಿ ಪದ್ಮಶ್ರೀ ಪಡೆದರು. ಪದಕ ಎಲ್ಲರಿಗೂ ಬರಬೇಕಿಲ್ಲ. ತಿಂಗಳ ಕೊನೆಗೆ ಅಮ್ಮನ ಕೈಗೆ ಕೊಡಲು ನಿನ್ನದೇ ದುಡ್ಡಿದ್ದರೆ ಅದೇ ದೊಡ್ಡದು. ಸುಗ್ಗಿಯಲ್ಲಿ ಮರ ಹತ್ತುವ ಗೆಳೆಯರಿಗೂ ನೀನೇ ಹೇಳು: ಯಾರಾದರೂ ಬಿದ್ದರೆ ಕೈಕಾಲು ಹಿಡಿದು ಮಡಚಿ ಎತ್ತಬೇಡಿ, ಮೊದಲು 108ಕ್ಕೆ ಫೋನ್ ಮಾಡಿ, ಸಾಗಿಸಲೇಬೇಕಾದರೆ ಕತ್ತು ಬೆನ್ನು ಅಲುಗದಂತೆ ನೆಟ್ಟಗೆ ಹಲಗೆಯ ಮೇಲೆ ಸಾಗಿಸಿ. ಅವರು ನಿನ್ನ ಮಾತು ಕೇಳುತ್ತಾರೆ.

ಪಂಚಾಯಿತಿಗಳಲ್ಲಿ ಅಂಗವಿಕಲರ ಸಮನ್ವಯ ಗ್ರಾಮಸಭೆ ನಡೆಯುತ್ತದೆ. ಮುಂದಿನ ಸಭೆ ಯಾವಾಗ ಎಂದು ಇವತ್ತೇ ವಿಚಾರಿಸು. ನಿನ್ನ ಪರವಾಗಿ ಅಣ್ಣನನ್ನೋ ಅಪ್ಪನನ್ನೋ ಕಳಿಸಬೇಡ. ಕುರ್ಚಿ ತಳ್ಳಿಕೊಂಡು ನೀನೇ ಹೋಗು, ಮುಂದಿನ ಸಾಲಿನಲ್ಲಿ ಕೂರು. ಪಂಚಾಯಿತಿ ಕಚೇರಿಯ ಮೆಟ್ಟಿಲಿಗೆ ಇಳಿಜಾರು ಯಾವತ್ತು ಹಾಕುತ್ತೀರಿ ಎಂದು ಎಲ್ಲರೆದುರು ಕೇಳು. ಉತ್ತರ ನಡಾವಳಿ ಪುಸ್ತಕದಲ್ಲಿ ಬರೆಯುವ ತನಕ ಅಲ್ಲಿಂದ ಕದಲಬೇಡ.