ಮೂಗಿನ ಸ್ಪ್ರೇ: ವುಝೂ ಮೊದಲು, ಔಷಧಿ ಆಮೇಲೆ

ಹತ್ತಿ ಬಿಡಿಸುವ ಕಾಲ ಬಂತೆಂದರೆ ಹುಲಕೋಟಿಯ ಎಷ್ಟೋ ಮನೆಗಳಲ್ಲಿ ಸೀನು ಶುರು. ಅರಳೆಯ ಧೂಳು, ಅದರ ಬೆನ್ನಿಗೇ ಜೋಳದ ರಾಶಿಯ ಹೊಟ್ಟು. ಬೆಳಿಗ್ಗೆ ಎದ್ದರೆ ಸಾಲು ಸಾಲು ಸೀನು, ಮೂಗಿನಲ್ಲಿ ನೀರು, ಕಣ್ಣಿನಲ್ಲಿ ತುರಿಕೆ. ಜ್ವರವಿಲ್ಲದೆ ವಾರಗಟ್ಟಲೆ ಹೀಗೆಯೇ ನಡೆದರೆ ಅದು ನೆಗಡಿಯಲ್ಲ, ಅಲರ್ಜಿ ಇರಬಹುದು. ವೈದ್ಯರಿಗೆ ತೋರಿಸಿ.

ಇದಕ್ಕೆ ವೈದ್ಯರು ಕೆಲವೊಮ್ಮೆ ಅಝೆಲಾಸ್ಟಿನ್ ಎಂಬ ಸ್ಪ್ರೇ ಬರೆದುಕೊಡುತ್ತಾರೆ. ಧೂಳು ತಾಗಿದಾಗ ದೇಹದಲ್ಲಿ ಬಿಡುಗಡೆಯಾಗುವ ಹಿಸ್ಟಮಿನ್ ಎಂಬ ವಸ್ತುವಿನಿಂದಲೇ ಸೀನು, ತುರಿಕೆ ಬರುವುದು. ಈ ಔಷಧಿ ಅದನ್ನು ಮೂಗಿನಲ್ಲಿಯೇ ತಡೆಯುತ್ತದೆ. ಮೂಗು ಕಟ್ಟಿದಾಗ ಅಂಗಡಿಯಿಂದ ತಂದು ಬಿಟ್ಟುಕೊಳ್ಳುವ ಕ್ಸೈಲೊಮೆಟಾಝೋಲಿನ್ ಹನಿಯೇ ಬೇರೆ. ಅದನ್ನು ಕೆಲವು ದಿನಗಳಿಗಿಂತ ಹೆಚ್ಚು ಬಳಸಿದರೆ ಮೂಗು ಇನ್ನಷ್ಟು ಕಟ್ಟುತ್ತದೆ. ಎರಡೂ ಬಾಟಲಿ ಒಂದೇ ಕಪಾಟಿನಲ್ಲಿದ್ದರೆ ಹೆಸರು ಓದಿಯೇ ಕೈಗೆತ್ತಿಕೊಳ್ಳಿ.

“ಬಾಯೆಲ್ಲ ಕಹಿ” ಎಂದು ಬಾಟಲಿಯನ್ನು ಮೂಲೆಗಿಟ್ಟವರು ಬಹಳ. ತಲೆಯನ್ನು ಹಿಂದಕ್ಕೆ ಬಾಗಿಸಿದರೆ ಔಷಧಿ ಗಂಟಲಿಗೆ ಇಳಿಯುತ್ತದೆ, ಕಹಿ ಅದರದೇ. ತಲೆಯನ್ನು ತುಸು ಮುಂದಕ್ಕೆ ಬಾಗಿಸಿ. ಬಲ ಹೊಳ್ಳೆಗೆ ಎಡಗೈ, ಎಡ ಹೊಳ್ಳೆಗೆ ಬಲಗೈ ಬಳಸಿದರೆ ತುದಿ ತಾನಾಗಿ ಕಿವಿಯ ಕಡೆಗೆ ಓರೆಯಾಗುತ್ತದೆ. ಮೂಗಿನ ನಡುಗೋಡೆಗೆ ಹೊಡೆದರೆ ಉರಿ, ರಕ್ತ ಬರಬಹುದು. ಮೆಲ್ಲಗೆ ಉಸಿರೆಳೆಯಿರಿ, ಜೋರಾಗಿ ಬೇಡ. ಹೊಸ ಬಾಟಲಿಯನ್ನು, ಅಥವಾ ಕೆಲವು ದಿನ ಬಳಸದೆ ಇಟ್ಟದ್ದನ್ನು, ಸಣ್ಣ ಮಂಜು ಬರುವವರೆಗೆ ಗಾಳಿಯಲ್ಲಿ ಒತ್ತಿ ನೋಡಿ. ಕಣ್ಣಿಗೆ ತಾಗದಿರಲಿ. ತುದಿ ಕಟ್ಟಿಕೊಂಡರೆ ಬಿಸಿನೀರಿನಲ್ಲಿ ತೊಳೆಯಿರಿ, ಸೂಜಿ ಚುಚ್ಚಬೇಡಿ.

ನಮ್ಮ ಮನೆಗಳಲ್ಲಿ ಇನ್ನೊಂದು ತೊಡಕಿದೆ. ಸ್ಪ್ರೇ ಹೊಡೆದು, ಒಡನೆ ವುಝೂಗೆ ಕೂತು ಮೂಗಿಗೆ ನೀರೆಳೆದು ಸೀನಿದರೆ ಔಷಧಿ ನೀರಿನ ಜೊತೆ ಹೋಯಿತು. ಮೊದಲು ವುಝೂ ಮಾಡಿ, ಮೂಗು ಸ್ವಚ್ಛವಾದ ಮೇಲೆ ಸ್ಪ್ರೇ ಬಳಸಿ. ಅದೇ ಒಳ್ಳೆಯದು ಕೂಡ.

ರಮಝಾನಿನಲ್ಲಿ? 1997ರಲ್ಲಿ ಜಿದ್ದಾದಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿಯು, ಗಂಟಲಿಗಿಳಿದದ್ದನ್ನು ನುಂಗದಿದ್ದರೆ ಮೂಗಿನ ಸ್ಪ್ರೇಯಿಂದ ಉಪವಾಸ ಮುರಿಯದು ಎಂದಿತು. ಹನಫಿ ಉಲಮಾಗಳಲ್ಲಿ ಹಲವರು ಮುರಿಯುತ್ತದೆ ಎನ್ನುತ್ತಾರೆ. ನಿಮ್ಮ ಇಮಾಮರನ್ನು ಕೇಳಿ. ಆದರೆ ಈ ಔಷಧಿ ಸಾಮಾನ್ಯವಾಗಿ ದಿನಕ್ಕೆ ಎರಡೇ ಸಲ. ಸಹರಿಯಲ್ಲೊಮ್ಮೆ, ಇಫ್ತಾರ್ ಬಳಿಕ ಒಮ್ಮೆ ಹೊಂದಿಸಬಹುದೇ ಎಂದು ವೈದ್ಯರನ್ನು ಕೇಳಿದರೆ ಪ್ರಶ್ನೆಯೇ ಏಳದು. ಫಜ್ರ್‌ನ ವುಝೂ ಮುಗಿಸಿ, ಸಹರಿಯ ಸಮಯ ಮುಗಿಯುವ ಮೊದಲೇ ಬಳಸಿ.

ಕೆಲವರಿಗೆ ಇದರಿಂದ ತೂಕಡಿಕೆ ಬರುತ್ತದೆ. ಮೂಗಿಗೆ ಹಾಕಿದ್ದು ತಲೆಗೇನು ಮಾಡೀತು ಎನ್ನಬೇಡಿ. ನಿಮಗೆ ಹೇಗಾಗುತ್ತದೆಂದು ತಿಳಿಯುವವರೆಗೆ ಗದಗಿಗೆ ಬೈಕ್ ಹತ್ತಬೇಡಿ, ಗಿರಣಿಯ ಯಂತ್ರದ ಬಳಿ ನಿಲ್ಲಬೇಡಿ. ನಿದ್ದೆಯ ಗುಳಿಗೆ, ಅಲರ್ಜಿ ಗುಳಿಗೆ ನುಂಗುತ್ತಿದ್ದರೆ, ಗರ್ಭಿಣಿಯಾಗಿದ್ದರೆ ಅಥವಾ ಹಾಲುಣಿಸುತ್ತಿದ್ದರೆ ವೈದ್ಯರಿಗೆ ಮೊದಲೇ ತಿಳಿಸಿ.

ಒಬ್ಬರ ಬಾಟಲಿಯನ್ನು ಇನ್ನೊಬ್ಬರು ಮುಟ್ಟಬಾರದು. ತುದಿಯಿಂದ ಸೋಂಕು ದಾಟುತ್ತದೆ. “ಅಮ್ಮನಿಗೆ ಗುಣವಾಯಿತಲ್ಲ” ಎಂದು ಮಗುವಿನ ಮೂಗಿಗೂ ಅದನ್ನೇ ಹೊಡೆಯಬೇಡಿ. ಮಗುವಿಗೆ ಕೊಡಬಹುದೇ, ಎಷ್ಟು ಎಂಬುದು ವಯಸ್ಸು ನೋಡಿ ವೈದ್ಯರೇ ಹೇಳಬೇಕು. ಸೀನಿನ ಜೊತೆ ಎದೆಯಲ್ಲಿ ಗೊರಗೊರ ಸದ್ದು, ಏದುಸಿರು ಇದ್ದರೆ ಸ್ಪ್ರೇ ನಂಬಿ ಕೂರದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.